ಫಾರಂನಲ್ಲಿ ಬರೆಯೋ ರಸ್ತೆಯ ಹೆಸರು ಯಾರದು?

(ಅಕ್ಕಲಕೋಟ ಭಾಗದ ಕನ್ನಡ ಯುವಕರ ಸಭೆಯಲ್ಲಿ ಆಡಿದ ಮಾತು. ಬರಹದಲ್ಲಿ ಬೇಕು ಅಂತ ಕೆಲವರು ಕೇಳಿದ್ದರಿಂದ ಇಲ್ಲಿ ಹಾಕಿದ್ದೇವೆ. ಮಾತನಾಡಿದ್ದನ್ನು ಹೆಚ್ಚು ತಿದ್ದಿಲ್ಲ.)

ಹಿಂದೆ ಗೋಡೆಗೆ ಒರಗಿ ಮೊಬೈಲ್ ನೋಡ್ತಿರೋ ತಮ್ಮಂದಿರೇ, ಸ್ವಲ್ಪ ಮುಂದೆ ಬರ್ರಿ, ಜಾಗ ಐತಿ.

ನಾವು ಭಾಷಣ ಮಾಡೋರಲ್ಲ. ಬಿ.ಕಾಂ. ಮಾಡಿ, ಪರೀಕ್ಷೆ ಬರೆದು, ಬ್ಯಾಂಕಿನ ಕೌಂಟರಿನ ಹಿಂದೆ ಕೂತವರು. ಈ ಗಡಿ ಭಾಗದ ಮೂರು ಹುಡುಗರು, ಮುಂಬೈಯಲ್ಲಿ ಪೋಸ್ಟಿಂಗ್ ಸಿಕ್ಕಾಗ ಡೊಂಬಿವಲಿಯ ಒಂದೇ ಖೋಲಿಯಲ್ಲಿ ವರ್ಷಗಟ್ಟಲೆ ಇದ್ದೆವು. ಅದಕ್ಕೇ ನಮಗೆ ‘ನಾನು’ ಅಂತ ಬಾಯಿಗೆ ಬರೋದು ಕಡಿಮೆ. ಒಂದು ಸ್ಟೋವು, ಒಂದು ನಳ, ಒಂದು ಕನ್ನಡ ಪೇಪರು. ಬೆಳಿಗ್ಗೆ ಲೋಕಲ್ ಹತ್ತಿ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಇಳಿದು, ಫೋರ್ಟ್ ಕಡೆ ನಡೆಯೋದು.

ಗುಮಾಸ್ತನ ಕೆಲಸದಲ್ಲಿ ಅತಿ ಹೆಚ್ಚು ಬರೆಯೋದು ಏನು ಗೊತ್ತಾ? ವಿಳಾಸ. ಖಾತೆ ತೆಗೆಯೋ ಫಾರಂ, ಕೆವೈಸಿ ಫಾರಂ, ಚೆಕ್‌ಬುಕ್ಕಿನ ಅರ್ಜಿ, ಎಲ್ಲದರಲ್ಲೂ ವಿಳಾಸ. ಸರ್ ಪಿ. ಎಂ. ರೋಡ್. ಜೆ. ಎಸ್. ಎಸ್. ರೋಡ್. ಪಿ. ಡಿಮೆಲ್ಲೋ ರೋಡ್. ಡಿ. ಎನ್. ರೋಡ್. ಎರಡು ವರ್ಷ ಹೀಗೇ ಟೈಪು ಮಾಡಿದೆವು, ಈ ಪಿ. ಎಂ. ಯಾರು ಅಂತ ಒಂದು ದಿನವೂ ಕೇಳಲಿಲ್ಲ. ನಮ್ಮಲ್ಲಿ ಒಬ್ಬನಂತೂ ಅದು ‘ಪ್ರೈಮ್ ಮಿನಿಸ್ಟರ್’ ಅಂತಲೇ ತಿಳಿದಿದ್ದ. ಒಂದು ದಿನ ಒಬ್ಬ ವಯಸ್ಸಾದ ಗ್ರಾಹಕರು ಪಾಸ್‌ಬುಕ್ ಎಂಟ್ರಿಗೆ ಬಂದವರು ಅದನ್ನು ಕೇಳಿ ನಕ್ಕರು. ನಕ್ಕು, ‘ನೀವು ದಿನಾ ಅವರ ಎದುರಿಗೇ ನಡೆದು ಬರ್ತೀರಿ, ತಲೆ ಎತ್ತಿ ನೋಡಿಲ್ಲ’ ಅಂದರು. ನಾಚಿಕೆ ಆಯ್ತು. ಸಂಜೆ ಹೋಗಿ ನೋಡಿದೆವು.

ಸ್ಟೇಷನ್ ಎದುರಿಗೆ ಮುಂಬೈ ಮಹಾನಗರಪಾಲಿಕೆಯ ಹಳೇ ಕಲ್ಲಿನ ಕಟ್ಟಡ ಇದೆ. ಸ್ಟೇಷನ್ ಕಟ್ಟಿಸಿದ ಎಫ್. ಡಬ್ಲ್ಯೂ. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯೇ ಇದನ್ನೂ ಮಾಡಿದ್ದು, ಮುಗಿದದ್ದು 1893ರಲ್ಲಿ. ಅದರ ಮುಂದೆ ಒಬ್ಬ ಮನುಷ್ಯನ ಪ್ರತಿಮೆ ನಿಂತಿದೆ. ಅವರೇ ಸರ್ ಫಿರೋಜ್‌ಷಾ ಮೆಹ್ತಾ. ರಾಜ ಅಲ್ಲ, ಯುದ್ಧ ಗೆದ್ದವರಲ್ಲ. ಮುನ್ಸಿಪಾಲಿಟಿಯ ಮೆಂಬರು. ಒಂದು ಮುನ್ಸಿಪಾಲಿಟಿಯ ಮೆಂಬರಿಗೆ ಊರಿನ ಅತಿ ದೊಡ್ಡ ಚೌಕದಲ್ಲಿ ಪ್ರತಿಮೆ ಯಾಕೆ? ಅವತ್ತಿನಿಂದ ನಮಗೆ ಹಿಡಿದ ಹುಚ್ಚು ಇದು. ಅದನ್ನೇ ಇವತ್ತು ನಿಮ್ಮ ಮುಂದೆ ಹೇಳ್ತೇವೆ.

ಮೊದಲು ಜೆ. ಎಸ್. ಎಸ್. ರೋಡ್. ಜಗನ್ನಾಥ ಶಂಕರಶೇಟ್, ಜನ ಕರೆಯೋದು ನಾನಾ ಶಂಕರಶೇಟ್ ಅಂತ. 1803ರಲ್ಲಿ ಹುಟ್ಟಿದವರು, ಮುರಬಾಡ ಮೂಲದ ಸಾಹುಕಾರರು. ಇವರು ನಮಗೂ ಸಂಬಂಧಪಟ್ಟವರು, ಹೇಗೆ ಹೇಳ್ತೇವೆ ಕೇಳಿ. 1845ರಲ್ಲಿ ಮುಂಬೈಗೆ ರೈಲು ಬೇಕು ಅಂತ ಒಂದು ಸಂಘ ಕಟ್ಟಿದವರಲ್ಲಿ ಇವರು ಮತ್ತು ಸರ್ ಜಮ್ಷೆಡ್‌ಜಿ ಜೀಜೀಭಾಯ್ ಮುಖ್ಯರು. ಆಮೇಲೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮೊದಲ ಭಾರತೀಯ ನಿರ್ದೇಶಕರಲ್ಲಿ ಒಬ್ಬರಾದರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೋಯ್ತು. ಅದೇ ಕಂಪನಿಯ ಹಳಿ 1860ರಲ್ಲಿ ಸೊಲ್ಲಾಪುರ ಮುಟ್ಟಿತು, 1871ಕ್ಕೆ ರಾಯಚೂರು. ನಾವು ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ಕೂತು ಕಾಯ್ತೀವಲ್ಲ, ಆ ಹಳಿ ಅದೇ.

ಅವರ ಕಾಲಕ್ಕೆ ಚುನಾವಣೆ ಅನ್ನೋದೇ ಇರಲಿಲ್ಲ. ಊರಿನ ಆಡಳಿತದಲ್ಲಿ ಭಾರತೀಯರ ಮಾತಿಗೆ ಬೆಲೆ ಬರಬೇಕಾದರೆ ಅರ್ಜಿ ಬರೆಯಬೇಕು, ಸಂಘ ಕಟ್ಟಬೇಕು. 1852ರಲ್ಲಿ ‘ಬಾಂಬೆ ಅಸೋಸಿಯೇಷನ್’ ಕಟ್ಟಿದರು. ಕಾಂಗ್ರೆಸ್ ಹುಟ್ಟೋಕೆ 33 ವರ್ಷ ಮೊದಲು. ಹೆಣ್ಣುಮಕ್ಕಳ ಶಾಲೆಗೆ ಯಾರೂ ಜಾಗ ಕೊಡದಿದ್ದ ಕಾಲದಲ್ಲಿ ತಮ್ಮ ಮನೆಯಲ್ಲೇ ಜಾಗ ಕೊಟ್ಟರು. ದುಡ್ಡಿದ್ದವರು, ಮಾಡಿದರು ಅನ್ನಬಹುದು. ದುಡ್ಡಿದ್ದವರು ಎಷ್ಟು ಜನ ಮಾಡ್ತಾರೆ ಅಂತ ನಾವು ದಿನಾ ಖಾತೆಗಳನ್ನು ನೋಡೋರು, ನಮಗೆ ಗೊತ್ತು.

ಡಿ. ಎನ್. ರೋಡಿನ ದಾದಾಭಾಯಿ ನವರೋಜಿ ನಿಮ್ಮ ಪಠ್ಯಪುಸ್ತಕದಲ್ಲಿದ್ದಾರೆ, ಬಿಡೋಣ.

ಈಗ ಸರ್ ಪಿ. ಎಂ. ರೋಡ್‌ಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ತೇವೆ, ಯಾಕಂದ್ರೆ ಇದರಲ್ಲಿ ಲೆಕ್ಕದ ಮಾತಿದೆ. ಲೆಕ್ಕ ನಮಗೆ ಪ್ರೀತಿ.

1865ರಲ್ಲಿ ಮುಂಬೈಗೆ ಹೊಸ ಕಾನೂನು ಬಂತು. ಊರಿನ ಕೆಲಸ ಮಾಡೋ ಅಧಿಕಾರ ಎಲ್ಲ ಒಬ್ಬ ಮುನ್ಸಿಪಲ್ ಕಮಿಷನರ್ ಕೈಗೆ. ಮೊದಲ ಕಮಿಷನರ್ ಆರ್ಥರ್ ಕ್ರಾಫರ್ಡ್. ಕ್ರಾಫರ್ಡ್ ಮಾರ್ಕೆಟ್ ಅಂತ ಕೇಳಿದ್ದೀರಲ್ಲ, ಈಗ ಅದು ಮಹಾತ್ಮಾ ಫುಲೆ ಮಂಡಿ, ಆ ಕ್ರಾಫರ್ಡ್. ಮನುಷ್ಯ ಕೆಲಸದಲ್ಲಿ ಗಟ್ಟಿ. ಚರಂಡಿ, ರಸ್ತೆ, ಮಾರುಕಟ್ಟೆ, ಎಲ್ಲದಕ್ಕೂ ಕೈ ಹಾಕಿದ. ಆದರೆ ಖರ್ಚಿಗೆ ಕಡಿವಾಣ ಇಲ್ಲ. ಮೇಲೆ ಇದ್ದವರು ಸರ್ಕಾರ ನೇಮಿಸಿದ ಜಸ್ಟಿಸ್ ಆಫ್ ದಿ ಪೀಸ್‌ಗಳು, ಅವರಿಗೆ ಲೆಕ್ಕ ಕೇಳೋ ತಾಕತ್ತು ಇಲ್ಲ, ಅಭ್ಯಾಸವೂ ಇಲ್ಲ. ಖಜಾನೆ ಬರಿದಾಯ್ತು, ತೆರಿಗೆ ಏರಿತು. 1871ರಲ್ಲಿ ತೆರಿಗೆ ಕಟ್ಟುವ ಜನ ರೊಚ್ಚಿಗೆದ್ದರು. ಕ್ರಾಫರ್ಡನನ್ನು ತೆಗೆಯಿರಿ, ಕಮಿಷನರ್ ಹುದ್ದೆಯನ್ನೇ ತೆಗೆಯಿರಿ ಅಂತ ಕೂಗು.

ಆ ವರ್ಷ ಫ್ರಾಮ್‌ಜಿ ಕಾವಸ್‌ಜಿ ಇನ್‌ಸ್ಟಿಟ್ಯೂಟಿನ ಸಭೆಯಲ್ಲಿ 26 ವಯಸ್ಸಿನ ಒಬ್ಬ ಬ್ಯಾರಿಸ್ಟರ್ ಎದ್ದು ನಿಂತು ಪ್ರಬಂಧ ಓದಿದರು. ಫಿರೋಜ್‌ಷಾ ಮೆಹ್ತಾ, 1845ರಲ್ಲಿ ಹುಟ್ಟಿದವರು, ಪಾರ್ಸಿ. ಸಭೆಯಲ್ಲಿ ಇದ್ದವರೆಲ್ಲ ಕ್ರಾಫರ್ಡನ ಮೇಲೆ ಸಿಟ್ಟಾದವರು. ಇವರು ಏನು ಹೇಳಿದರು? ತಪ್ಪು ಕ್ರಾಫರ್ಡನ ಒಬ್ಬನದಲ್ಲ, ಕೆಲಸ ಮಾಡಿಸೋಕೆ ಒಬ್ಬ ಗಟ್ಟಿ ಅಧಿಕಾರಿ ಬೇಕೇ ಬೇಕು, ತಪ್ಪು ಇರೋದು ಮೇಲೆ ಕೂತು ಲೆಕ್ಕ ಕೇಳಬೇಕಾದ ಸಭೆಯಲ್ಲಿ, ಅದು ಜನ ಆರಿಸಿದ ಸಭೆ ಅಲ್ಲ, ಅದಕ್ಕೇ ಹೀಗಾಯ್ತು ಅಂತ. ಜನ ಗಲಾಟೆ ಮಾಡಿದರು. ಆ ವಯಸ್ಸಿಗೆ, ಕೇಳೋರಿಗೆ ಬೇಡವಾದ ಮಾತನ್ನು ಹೇಳೋದು ಸಣ್ಣ ಧೈರ್ಯ ಅಲ್ಲ. ನಾವು ಫೇಸ್‌ಬುಕ್ಕಿನಲ್ಲಿ ನಾಲ್ಕು ಕಮೆಂಟು ವಿರುದ್ಧ ಬಂದರೆ ಪೋಸ್ಟು ಅಳಿಸ್ತೀವಿ.

ಬ್ಯಾಂಕಿನವರ ಭಾಷೆಯಲ್ಲಿ ಹೇಳ್ತೇವೆ. ಬ್ಯಾಂಕಿನಲ್ಲಿ ವೋಚರ್ ಒಬ್ಬರು ಮಾಡ್ತಾರೆ, ಇನ್ನೊಬ್ಬರು ಪಾಸು ಮಾಡ್ತಾರೆ. ಮಾಡೋನೇ ಪಾಸು ಮಾಡಿದರೆ ಬ್ಯಾಂಕು ಉಳಿಯೋದಿಲ್ಲ. ಮಾಡೋನನ್ನೇ ತೆಗೆದುಹಾಕಿದರೂ ಬ್ಯಾಂಕು ನಡೆಯೋದಿಲ್ಲ. ಮೆಹ್ತಾ ಹೇಳಿದ್ದು ಇದನ್ನೇ. ಅಧಿಕಾರಿಯ ಕೈಗೆ ಕೆಲಸ, ಜನ ಆರಿಸಿದವರ ಕೈಗೆ ಥೈಲಿ.

ಮರುವರ್ಷ, 1872ರಲ್ಲಿ, ಕಾನೂನು ಬದಲಾಯ್ತು. 64 ಸದಸ್ಯರ ಪಾಲಿಕೆ, ಅದರಲ್ಲಿ 32 ಜನ ತೆರಿಗೆ ಕಟ್ಟುವವರು ಆರಿಸಿದವರು. 1888ರ ಕಾನೂನಿನಲ್ಲಿ ಅದು 72 ಆಯ್ತು, ವಾರ್ಡುಗಳಿಂದ ಆರಿಸಿ ಬರೋರು 36. ಆ 1888ರ ಕಾನೂನನ್ನು ತಿದ್ದಿ ತೀಡಿ ಗಟ್ಟಿ ಮಾಡಿದವರಲ್ಲಿ ಮೆಹ್ತಾ ಮೊದಲನೆಯವರು. ಮುಂಬೈ ಮಹಾನಗರಪಾಲಿಕೆ ಇವತ್ತಿಗೂ ಅದೇ ಕಾನೂನಿನ ಕೆಳಗೆ, ತಿದ್ದುಪಡಿಗಳ ಸಮೇತ ನಡೀತಾ ಇದೆ. 1884, 1885, ಮತ್ತೆ 1905ರಲ್ಲಿ ಅವರು ಪಾಲಿಕೆಯ ಅಧ್ಯಕ್ಷರು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆ ಒಂದು ಸಂಸ್ಥೆಯ ಬೆನ್ನು ಹತ್ತಿದರು. ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು, ವೈಸರಾಯ್ ಕೌನ್ಸಿಲ್ಲಿಗೂ ಹೋದರು, ಆದರೆ ಮುನ್ಸಿಪಾಲಿಟಿ ಬಿಡಲಿಲ್ಲ. ನಮ್ಮ ಕಡೆ ಎಂ.ಎಲ್.ಎ. ಆದವರು ನಗರಸೇವಕರ ಸಭೆಯ ಕಡೆ ತಲೆ ಹಾಕ್ತಾರೇನ್ರೀ?

ಒಂದು ಸ್ವಾರಸ್ಯ ಹೇಳಲೇಬೇಕು. 1907ರಲ್ಲಿ ಇವರ ಪ್ರಭಾವ ಕಂಡು ಆಗದ ಕೆಲವು ಯುರೋಪಿಯನ್ ಅಧಿಕಾರಿಗಳು, ಪತ್ರಿಕೆಯವರು ಸೇರಿ ಗುಂಪು ಕಟ್ಟಿದರು. ಅದಕ್ಕೆ ‘ಕಾಕಸ್’ ಅಂತಲೇ ಹೆಸರು ಬಿತ್ತು. ಜಸ್ಟಿಸ್‌ಗಳ ಕ್ಷೇತ್ರದಿಂದ 16 ಜನ ಆರಿಸಿ ಬರಬೇಕು. ಮೆಹ್ತಾ 17ನೆಯವರಾದರು. ಸೋತರು! ಆದರೆ ಗೆದ್ದವರಲ್ಲಿ ಒಬ್ಬರ ಆಯ್ಕೆ ಕಾನೂನಿನ ಪ್ರಕಾರ ನಿಲ್ಲಲಿಲ್ಲ, ಆ ಜಾಗಕ್ಕೆ 17ನೆಯವರು ಬಂದರು. ಅಷ್ಟು ದೊಡ್ಡ ಮನುಷ್ಯನಿಗೂ ಒಂದು ಸ್ಥಾನದ ಅಂತರದಲ್ಲಿ ಬೆವರು ಬಿಟ್ಟಿತ್ತು.

ಹೊಗಳಿಕೆ ಮಾತ್ರ ಹೇಳಿದರೆ ಲೆಕ್ಕ ತಾಳೆ ಆಗೋದಿಲ್ಲ. ಅವರ ಕಾಲದ ಮತದಾನ ತೆರಿಗೆ ಕಟ್ಟೋರಿಗೆ ಮಾತ್ರ. ಗಿರಣಿ ಕಾರ್ಮಿಕ, ಹಮಾಲ, ಹೋಟೆಲಿನ ಹುಡುಗ, ಇವರಿಗೆ ವೋಟಿಲ್ಲ. ಎಲ್ಲ ವಯಸ್ಕರಿಗೂ ವೋಟು ಇದ್ದ ಪಾಲಿಕೆ ಚುನಾವಣೆ ನಡೆದದ್ದು 1948ರಲ್ಲಿ. ವೋಟಿಲ್ಲದವರ ಚಾಳಿಗೆ ಗಾಳಿ ಬೆಳಕು ಇದೆಯಾ ಅಂತ ಕೇಳೋರು ಕಡಿಮೆ. ಅದರ ಬೆಲೆಯನ್ನು ಊರು 1896ರಲ್ಲಿ ಕೊಟ್ಟಿತು, ಈಗ ಅಲ್ಲಿಗೇ ಬರ್ತೇವೆ.

ಅದಕ್ಕೂ ಮೊದಲು ಇನ್ನೊಂದು ಮಾತು. 1911ರಲ್ಲಿ ಸೊರಾಬ್‌ಜಿ ಪೋಚ್‌ಖಾನಾವಾಲಾ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕಟ್ಟಿದಾಗ ಅದರ ಮೊದಲ ಅಧ್ಯಕ್ಷರು ಇದೇ ಮೆಹ್ತಾ. ಆ ಪೋಚ್‌ಖಾನಾವಾಲಾ ಮೊದಲು ಏನಾಗಿದ್ದರು ಅಂದ್ರೆ, ಬ್ಯಾಂಕ್ ಗುಮಾಸ್ತ. ಇದನ್ನು ಹೇಳೋವಾಗ ನಮ್ಮ ಎದೆ ಎರಡಿಂಚು ಉಬ್ಬುತ್ತದೆ, ಕ್ಷಮಿಸಬೇಕು.

ಈಗ ಪ್ಲೇಗು. ನಮ್ಮ ಭಾಗದ ಮುದುಕರ ಬಾಯಲ್ಲಿ ಈ ಮಾತು ಇನ್ನೂ ಇದೆ, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಕಥೆ. ಆ ರೋಗ ನಮ್ಮ ಕಡೆ ಬರೋ ಮೊದಲು ಮುಂಬೈ ಬಂದರಿನ ಪಕ್ಕದ ಮಾಂಡವಿಯಲ್ಲಿ ಕಾಣಿಸಿಕೊಂಡಿತು. ದವಸದ ಗೋದಾಮು, ಇಲಿ, ಕತ್ತಲೆಯ ಚಾಳು. 1896ರ ಸೆಪ್ಟೆಂಬರಿನಲ್ಲಿ ಅಲ್ಲಿ ರೋಗಿಗಳನ್ನು ನೋಡ್ತಿದ್ದ ಡಾ. ಅಕಾಸಿಯೋ ವಿಯೇಗಸ್‌ಗೆ ಸಂಶಯ ಬಂತು. ಇದು ಸಾಮಾನ್ಯ ಜ್ವರ ಅಲ್ಲ, ಕಂಕುಳಲ್ಲಿ ತೊಡೆಸಂದಿಯಲ್ಲಿ ಗಂಟು, ಎರಡು ಮೂರು ದಿನಕ್ಕೆ ಸಾವು. ಇದು ಪ್ಲೇಗು.

ವಿಯೇಗಸ್ ಗೋವಾದ ಅರ್ಪೋರಾ ಊರಿನವರು, 1856ರಲ್ಲಿ ಹುಟ್ಟಿದವರು. ಗೋವಾ ಆಗ ಪೋರ್ಚುಗೀಸರ ಕೈಯಲ್ಲಿ. ಅಂದ್ರೆ ಲೆಕ್ಕಕ್ಕೆ ಪರದೇಶದಿಂದ ಬಂದ ಮನುಷ್ಯ. ಪಾಲಿಕೆಯ ಸದಸ್ಯ ಕೂಡ. ಬರೀ ಡಾಕ್ಟರಾಗಿದ್ದರೆ ಔಷಧ ಕೊಟ್ಟು ಸುಮ್ಮನಿರಬಹುದಿತ್ತು. ಸದಸ್ಯ ಆಗಿದ್ದರಿಂದ ಪಾಲಿಕೆಯ ಸಮಿತಿಯಲ್ಲಿ ಎದ್ದು ನಿಂತು ಹೇಳಬೇಕಾಯ್ತು. ಬಂದರಿನ ಊರಿಗೆ ಪ್ಲೇಗು ಅಂತ ಹೆಸರು ಬಂದರೆ ಹಡಗು ನಿಲ್ತಾವ, ವ್ಯಾಪಾರ ನಿಲ್ತದ. ಯಾರಿಗೆ ಬೇಕಿತ್ತು ಆ ಮಾತು? ಸರ್ಕಾರ ಬೇರೆ ತಜ್ಞರನ್ನು ಕಳಿಸಿ ಪರೀಕ್ಷೆ ಮಾಡಿಸಿತು. ವಿಯೇಗಸ್ ಹೇಳಿದ್ದು ಸರಿಯಾಗಿತ್ತು.

ಆಮೇಲೆ ನಡೆದದ್ದು ಭಯಂಕರ. ಊರಿಗೆ ಊರೇ ಗಂಟುಮೂಟೆ ಕಟ್ಟಿತು. 1891ರ ಜನಗಣತಿಯಲ್ಲಿ ಮುಂಬೈಯ ಜನಸಂಖ್ಯೆ 8 ಲಕ್ಷ 21 ಸಾವಿರ, 1901ರಲ್ಲಿ 7 ಲಕ್ಷ 76 ಸಾವಿರ. ಬೆಳೆಯೋದು ಬಿಟ್ಟು ಬೇರೆ ಗೊತ್ತಿಲ್ಲದ ನಗರ ಹತ್ತು ವರ್ಷದಲ್ಲಿ ಸಣ್ಣದಾಯ್ತು. ಓಡಿ ಹೋದವರ ಜೊತೆ, ನಾನಾ ಶಂಕರಶೇಟರು ತಂದ ಅದೇ ರೈಲಿನಲ್ಲಿ, ರೋಗವೂ ಪ್ರಯಾಣ ಮಾಡಿತು. ಸೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ಕಡೆಗೆಲ್ಲ.

ಸರ್ಕಾರ ಕರೆಸಿದ ಇನ್ನೊಬ್ಬ ಪರದೇಶಿ ವಾಲ್ಡೆಮಾರ್ ಹಾಫ್‌ಕಿನ್. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕೊಟ್ಟ ಸಣ್ಣ ಜಾಗದಲ್ಲಿ ಲಸಿಕೆ ತಯಾರು ಮಾಡಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಪರೇಲಿನಲ್ಲಿ ಅವರ ಹೆಸರಿನ ಸಂಸ್ಥೆ ಈಗಲೂ ಇದೆ. ಕೊರೋನಾ ಸಮಯದಲ್ಲಿ ಲಸಿಕೆಯ ಸಾಲಿನಲ್ಲಿ ನಿಂತಾಗ ನಮಗೆ ಅವರ ನೆನಪಾಗಿತ್ತು.

ವಿಯೇಗಸ್ 1906ರಲ್ಲಿ ಪಾಲಿಕೆಯ ಅಧ್ಯಕ್ಷರಾದರು. ಧೋಬಿತಲಾವ್ ಹತ್ತಿರ ಅವರ ಪ್ರತಿಮೆ ಇದೆ, ಮೆಟ್ರೋ ಸಿನಿಮಾದ ಕಡೆ. ಬಸ್ಸಿಗೆ ಕಾಯೋರು ಅದರ ನೆರಳಿನಲ್ಲಿ ನಿಲ್ತಾರೆ. ಗೋವಾದ ಇನ್ನೊಬ್ಬ ಡಾಕ್ಟರು, ಇವರಿಗಿಂತ ಹಿಂದಿನವರು, ಭಾವೂ ದಾಜಿ ಲಾಡ್. ಪೆಡ್ನೆ ಕಡೆಯ ಮಾಂದ್ರೆ ಊರಿನಲ್ಲಿ 1822ರಲ್ಲಿ ಹುಟ್ಟಿ, ಎರಡು ಸಲ ಮುಂಬೈಯ ಶೆರಿಫ್ ಆದರು, 1869 ಮತ್ತು 1871ರಲ್ಲಿ. ಭಾಯಖಳಾದ ಹಳೇ ಮ್ಯೂಸಿಯಂಗೆ 1975ರಲ್ಲಿ ಅವರ ಹೆಸರು ಇಟ್ಟರು. ಗೋವಾದಿಂದ ಈ ಪೇಜ್ ನೋಡೋ ಗೆಳೆಯರು ಇದನ್ನು ಗಮನಿಸಬೇಕು. ಮುಂಬೈಯನ್ನು ಕಟ್ಟಿದವರ ಪಟ್ಟಿ ತೆಗೆದರೆ ಅರ್ಧ ಹೆಸರು ಹೊರಗಿನಿಂದ ಬಂದವರದು, ಅಥವಾ ಅಲ್ಪಸಂಖ್ಯಾತರದು. ಪಾರ್ಸಿಗಳು ಆ ಊರಿನಲ್ಲಿ ಎಂದೂ ಬಹುಸಂಖ್ಯಾತರಾಗಿರಲಿಲ್ಲ. ಮನೆಯಲ್ಲಿ ಗುಜರಾತಿ, ಸಭೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ. ‘ನಾವು ನಾಲ್ಕು ಜನ, ನಮ್ಮ ಮಾತು ಯಾರು ಕೇಳ್ತಾರೆ’ ಅಂತ ಮನೆಯಲ್ಲಿ ಕೂರಲಿಲ್ಲ.

ಈಗ ನಮ್ಮ ಫಾರಂನ ಕೊನೆಯ ರಸ್ತೆ, ಪಿ. ಡಿಮೆಲ್ಲೋ ರೋಡ್. ಬಂದರಿನ ಗೋಡೆಗುಂಟ ಹೋಗೋ ಉದ್ದನೆಯ ರಸ್ತೆ. ಮೊದಲು ಫ್ರೇರ್ ರೋಡ್ ಅಂತ ಒಬ್ಬ ಗವರ್ನರನ ಹೆಸರಿತ್ತು. ಈಗಿನ ಹೆಸರು ಪ್ಲಾಸಿಡ್ ಡಿಮೆಲ್ಲೋ ಅವರದು, ಬಂದರು ಕಾರ್ಮಿಕರ ನಾಯಕರು, ಮಂಗಳೂರು ಕಡೆಯವರು. ಗವರ್ನರನ ಹೆಸರು ತೆಗೆದು ಹಮಾಲರ ನಾಯಕನ ಹೆಸರು ಬಂದದ್ದು ಸಣ್ಣ ಮಾತಲ್ಲ. ಅವರು 1958ರಲ್ಲಿ ತೀರಿಕೊಂಡರು.

ಅವರ ಗರಡಿಯಲ್ಲಿ ಬೆಳೆದ ಹುಡುಗನೇ ಜಾರ್ಜ್ ಫರ್ನಾಂಡಿಸ್. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟು. ಪಾದ್ರಿ ಆಗಲಿ ಅಂತ ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ದೊಡ್ಡವರಿಗೆ ಒಂದು ಊಟ, ಹುಡುಗರಿಗೆ ಒಂದು ಊಟ ನೋಡಿ ಬೇಸತ್ತು ಬಿಟ್ಟು ಬಂದರು. 1949ರಲ್ಲಿ ಮುಂಬೈ. ಚೌಪಾಟಿಯ ಬೆಂಚಿನ ಮೇಲೆ ನಿದ್ದೆ, ಪೊಲೀಸ ಬಂದು ಎಬ್ಬಿಸಿದರೆ ಇನ್ನೊಂದು ಬೆಂಚು. ಪತ್ರಿಕೆಯಲ್ಲಿ ಕರಡು ತಿದ್ದೋ ಕೆಲಸ. ಮನೆಮಾತು ಕೊಂಕಣಿ; ತುಳು, ಕನ್ನಡ, ಮರಾಠಿ, ಹಿಂದಿ, ತಮಿಳು ಅಂತ ಹತ್ತು ಭಾಷೆ ಬರ್ತಿತ್ತು. ತುಸು ನಿಂತು ಯೋಚಿಸ್ರಿ. ನಮ್ಮ ಹುಡುಗರು ‘ನನಗೆ ಮರಾಠಿ ಸರಿಯಾಗಿ ಬರಲ್ಲ, ಕನ್ನಡ ಓದೋಕೆ ಬರಲ್ಲ, ಇಂಗ್ಲಿಷ್ ಅಂತೂ ಇಲ್ಲ’ ಅಂತ ಮೂರೂ ಕಡೆ ಕೈಚೆಲ್ತಾರೆ. ಗಡಿಯಲ್ಲಿ ಹುಟ್ಟಿದವನಿಗೆ ಸಿಗೋ ಒಂದೇ ಪುಕ್ಕಟೆ ಆಸ್ತಿ ಭಾಷೆ, ಅದನ್ನೂ ಠೇವಣಿ ಇಡದೆ ಕಳೀತಾರೆ.

ಜಾರ್ಜ್ 1961ರಿಂದ 1968ರವರೆಗೆ ಮುಂಬೈ ಪಾಲಿಕೆಯ ಸದಸ್ಯರು. ಬಂದರು, ಹೋಟೆಲು, ಟ್ಯಾಕ್ಸಿ, ಮುನ್ಸಿಪಾಲಿಟಿಯ ಕೆಲಸಗಾರರು, ಇವರನ್ನೆಲ್ಲ ಸಂಘಟನೆ ಮಾಡಿದರು. 1967ರಲ್ಲಿ ದಕ್ಷಿಣ ಮುಂಬೈ ಲೋಕಸಭೆಗೆ ಎಸ್. ಕೆ. ಪಾಟೀಲರ ವಿರುದ್ಧ ನಿಂತರು. ಪಾಟೀಲರು ಸಾಮಾನ್ಯರಲ್ಲ, ಮೂರು ಸಲ ಮುಂಬೈಯ ಮೇಯರ್ ಆಗಿದ್ದವರು, ಕೇಂದ್ರದ ಮಂತ್ರಿ, ಮುಂಬೈ ಕಾಂಗ್ರೆಸ್ ಅಂದ್ರೆ ಅವರೇ. ಅವರನ್ನು ಒಬ್ಬ ಕಾರ್ಪೊರೇಟರ್ ಸೋಲಿಸಿದ. ಎಲ್ಲರೂ ಆ ಗೆಲುವಿನ ಕಥೆ ಹೇಳ್ತಾರೆ. ನಮಗೆ ಅದಕ್ಕಿಂತ ಇಷ್ಟವಾದದ್ದು 1968ರ ಸಂಗತಿ. ಟ್ಯಾಕ್ಸಿ ಓಡಿಸೋರಿಗೆ ಬ್ಯಾಂಕಿನವರು ಸಾಲ ಕೊಡ್ತಿರಲಿಲ್ಲ, ಅದಕ್ಕೆ ಅವರೇ ಸೇರಿ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್ ಕಟ್ಟಿದರು. ಬಾಡಿಗೆ ಟ್ಯಾಕ್ಸಿ ಓಡಿಸೋನು ಸ್ವಂತ ಟ್ಯಾಕ್ಸಿ ಮಾಡಿಕೊಳ್ಳಲಿ ಅಂತ. ಸಾಲದ ಅರ್ಜಿ ತಿರಸ್ಕಾರ ಆದಾಗ ಮನುಷ್ಯನ ಮುಖ ಹೇಗಾಗ್ತದೆ ಅಂತ ಕೌಂಟರಿನ ಈಚೆ ಕೂತವರಿಗೆ ಗೊತ್ತು.

ಅವರ ಮುಂದಿನ ರಾಜಕೀಯದ ಬಗ್ಗೆ ನಮ್ಮ ಖೋಲಿಯಲ್ಲೇ ಮೂರು ಅಭಿಪ್ರಾಯ ಇದ್ದವು, ಅದನ್ನು ಇಲ್ಲಿ ತೆಗೆಯೋದಿಲ್ಲ, ಊಟಕ್ಕೆ ತಡ ಆಗ್ತದೆ.

ಅದೇ 1961ರಲ್ಲಿ ಪಾಲಿಕೆಗೆ ಬಂದ ಇನ್ನೊಬ್ಬರು ಮೃಣಾಲ್ ಗೋರೆ. ಈ ಸಭೆಯಲ್ಲಿ ಕೂತಿರೋ ತಂಗಿಯರು ಈ ಹೆಸರನ್ನು ಬರೆದುಕೊಳ್ಳಲಿ. 1928ರಲ್ಲಿ ಹುಟ್ಟಿ, ಡಾಕ್ಟರಿಕೆ ಓದೋದನ್ನು ಅರ್ಧಕ್ಕೆ ಬಿಟ್ಟು ಸಮಾಜವಾದಿ ಚಳವಳಿಗೆ ಬಂದರು. ಗಂಡ ಕೇಶವ ಗೋರೆ 1958ರಲ್ಲೇ ತೀರಿಕೊಂಡರು, ಸಣ್ಣ ಮಗಳು. ಗೋರೆಗಾಂವ್ ಆಗ ನಗರದ ಅಂಚು, ಅಲ್ಲಿಗೆ ನೀರಿನ ತ್ರಾಸು. ಗುಡಿಸಲುಗಳಿಗಂತೂ ನಳವೇ ಇಲ್ಲ. ಹೆಂಗಸರನ್ನು ಕಟ್ಟಿಕೊಂಡು, ಖಾಲಿ ಕೊಡ ಹಿಡಿದು ಅಧಿಕಾರಿಗಳ ಮುಂದೆ ಕೂತರು. ಕೊಡ ತುಂಬೋವರೆಗೆ ಬಿಡಲಿಲ್ಲ. ಜನ ಅವರಿಗೆ ಕೊಟ್ಟ ಹೆಸರು ‘ಪಾಣಿವಾಲಿ ಬಾಯಿ’, ನೀರಿನ ಬಾಯಿ.

1972ರಲ್ಲಿ ಬರಗಾಲ, ತುಟ್ಟಿ. ನಮ್ಮ ಸೊಲ್ಲಾಪುರ ಜಿಲ್ಲೆಯ ಹಿರಿಯರಿಗೆ ಆ ಬರ ಚೆನ್ನಾಗಿ ನೆನಪಿದೆ, ಹಾಲುಜೋಳ, ರಸ್ತೆಗೆ ಜಲ್ಲಿ ಒಡೆಯೋ ಕೆಲಸ. ಆಗ ಮೃಣಾಲ್‌ತಾಯಿ, ಅಹಿಲ್ಯಾ ರಾಂಗಣೇಕರ್ ಮತ್ತಿತರರು ಸೇರಿ ಬೆಲೆಏರಿಕೆ ವಿರೋಧಿ ಮಹಿಳಾ ಸಮಿತಿ ಕಟ್ಟಿದರು. ಸಾವಿರಾರು ಹೆಂಗಸರು ಲಟ್ಟಣಿಗೆ ಹಿಡಿದು, ತಾಟು ಬಾರಿಸುತ್ತಾ ಮೋರ್ಚಾ ಹೊರಟರು. ಮನೆಯ ಅಡಿಗೆಯ ಸಾಮಾನೇ ಅವರ ಬಾವುಟ. ತುರ್ತುಪರಿಸ್ಥಿತಿಯಲ್ಲಿ ಜೈಲಾಯ್ತು. 1977ರಲ್ಲಿ ಅವರು ಲೋಕಸಭೆಗೆ ಗೆದ್ದರು, ಇಂದಿರಾ ಗಾಂಧಿ ಸೋತರು. ನೀರಿನ ಬಾಯಿ ದಿಲ್ಲಿಗೆ, ದಿಲ್ಲಿಯ ಬಾಯಿ ನೀರಿಗೆ ಅಂತ ಜನ ಬೀದಿಯಲ್ಲಿ ಕೂಗಿದರಂತೆ. ಅವರು 2012ರಲ್ಲಿ ಹೋದರು.

ಇವರನ್ನು ಯಾಕೆ ಇಷ್ಟು ಹೇಳಿದೆವು ಅಂದ್ರೆ, ಮೆಹ್ತಾ ಅವರಂತೆ ಇವರೂ ಸಣ್ಣ ಸಭೆಯ ಲೆಕ್ಕವನ್ನು ಬಿಡಲಿಲ್ಲ. ಯಾವ ವಾರ್ಡಿಗೆ ಎಷ್ಟಿಂಚಿನ ಪೈಪು, ಎಷ್ಟು ಗಂಟೆ ನೀರು. ದೊಡ್ಡ ಮಾತು ಬರೋದು ಆಮೇಲೆ.

ಇನ್ನು ನಮ್ಮ ಕನ್ನಡದ ಮಾತು. ಮುಂಬೈಯಲ್ಲಿ ಒಂದು ಭಾನುವಾರ ಅಲೆಯೋವಾಗ ಒಂದು ಮುನ್ಸಿಪಾಲಿಟಿ ಶಾಲೆಯ ಬೋರ್ಡಿನ ಮೇಲೆ ಕನ್ನಡ ಅಕ್ಷರ ಕಂಡೆವು. ನಿಂತುಬಿಟ್ಟೆವು. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸ್ತದೆ: ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ. ರಾಜ್ಯ ಸರ್ಕಾರವೂ ಅಲ್ಲ, ದಿಲ್ಲಿಯೂ ಅಲ್ಲ, ಒಂದು ಮುನ್ಸಿಪಾಲಿಟಿ. ಜೊತೆಗೆ ಕನ್ನಡದವರು ತಾವೇ ಕಟ್ಟಿದ್ದೂ ಇದೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು. ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದ ಹುಡುಗರು ರಾತ್ರಿ ಶಾಲೆಯಲ್ಲಿ ಕನ್ನಡ ಓದಿ ಮುಂದೆ ಬಂದ ಊರು ಅದು. ಈಗ ಆ ಶಾಲೆಗಳಲ್ಲಿ ಮಕ್ಕಳು ಕಡಿಮೆ ಆಗ್ತಾ ಬಂದಿದ್ದಾರೆ, ಅದೂ ನಿಜ.

ಸಂವಿಧಾನದ 350-ಎ ವಿಧಿ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ. ಆದರೆ ಅದರಲ್ಲಿ ‘ರಾಜ್ಯ’ ಅಂತ ಮಾತ್ರ ಇಲ್ಲ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವೂ ಪ್ರಯತ್ನಿಸಬೇಕು ಅಂತ ಇದೆ. ಸ್ಥಳೀಯ ಪ್ರಾಧಿಕಾರ ಅಂದ್ರೆ ಯಾರು? ನಿಮ್ಮ ಗ್ರಾಮಪಂಚಾಯತಿ, ನಿಮ್ಮ ನಗರಪಾಲಿಕೆ, ಜಿಲ್ಲಾ ಪರಿಷತ್ತು.

ಇಲ್ಲಿ ನಮ್ಮ ತಪ್ಪನ್ನು ನಾವೇ ಒಪ್ಪಿಕೊಳ್ತೇವೆ. ನಮ್ಮಲ್ಲಿ ಒಬ್ಬರ ಊರಿನ ಕನ್ನಡ ಶಾಲೆಯಲ್ಲಿ ಎರಡು ಶಿಕ್ಷಕರ ಹುದ್ದೆ ಬಹಳ ದಿನ ಖಾಲಿ ಇದ್ದವು. ಊರಿನ ಹೆಸರು ಬೇಡ. ನಾವು ಏನು ಮಾಡಿದೆವು? ಮೂರು ಸಲ ಬೆಂಗಳೂರಿಗೆ ಹೋಗಿ ಮನವಿ ಕೊಟ್ಟೆವು. ಶಾಲು ಹಾಕಿದೆವು, ಫೋಟೋ ತೆಗೆಸಿಕೊಂಡೆವು, ಪೋಸ್ಟು ಹಾಕಿದೆವು. ಲೈಕು ಚೆನ್ನಾಗಿ ಬಂದವು. ನಮ್ಮದೇ ಊರಿನ ಗ್ರಾಮಸಭೆಗೆ ಒಂದು ಸಲವೂ ಹೋಗಲಿಲ್ಲ! ಕೊನೆಗೆ ಒಬ್ಬ ಅಜ್ಜಿ ಕೇಳಿದಳು, ‘ಏನಪಾ, ಬೆಂಗಳೂರಿನವರು ನಮ್ಮ ಸರಪಂಚಗ ಫೋನ್ ಮಾಡ್ತಾರೇನು?’ ಅಂತ. ಉತ್ತರ ಇರಲಿಲ್ಲ.

ಮುಂದಿನ ಗ್ರಾಮಸಭೆಗೆ ಹನ್ನೊಂದು ಜನ ಹೋದೆವು. ಮರಾಠಿಯಲ್ಲಿ ಅರ್ಜಿ ಬರೆದಿದ್ದೆವು, ಯಾಕಂದ್ರೆ ಓದಬೇಕಾದವರು ಅವರು. ಮರಾಠಿ ಮಾತಾಡೋ ಇಬ್ಬರು ಹಿರಿಯರು, ನಾವು ಕೇಳದೇ ಇದ್ದರೂ, ನಮ್ಮ ಪರವಾಗಿ ಮಾತಾಡಿದರು, ಅವರ ಮೊಮ್ಮಕ್ಕಳೂ ಅದೇ ಅಂಗಳದಲ್ಲಿ ಆಡೋರು. ಠರಾವು ಆಯ್ತು, ಮೇಲಕ್ಕೆ ಹೋಯ್ತು. ಏಳು ತಿಂಗಳಿಗೆ ಒಬ್ಬ ಶಿಕ್ಷಕಿ ಬಂದರು. ಇನ್ನೊಂದು ಹುದ್ದೆ ಇನ್ನೂ ಖಾಲಿ ಇದೆ. ಈ ಸಲದ ಸಭೆಯಲ್ಲಿ ಅದನ್ನು ಮತ್ತೆ ಎತ್ತಬೇಕು, ಆದರೆ ಆ ಹನ್ನೊಂದು ಜನರಲ್ಲಿ ನಾಲ್ವರು ಈಗ ಪುಣೆಯಲ್ಲಿ ಕೆಲಸಕ್ಕಿದ್ದಾರೆ, ನಾವು ಮುಂಬೈಯಲ್ಲಿ. ಅದಕ್ಕೇ ಇವತ್ತು ಇಲ್ಲಿ ಬಂದು ಇಷ್ಟು ಹೊತ್ತು ಕೊರೆದದ್ದು. ಊರಲ್ಲೇ ಇರೋರು ಬೇಕು. ಹೊರಗೆ ಟೇಬಲ್ಲಿನ ಮೇಲೆ ಒಂದು ವಹಿ ಇಟ್ಟಿದ್ದೇವೆ, ನಿಮ್ಮ ಊರು, ನಿಮ್ಮ ಪಂಚಾಯತಿ ಅಥವಾ ವಾರ್ಡು, ಅಲ್ಲಿಯ ಕನ್ನಡ ಶಾಲೆಯ ಸ್ಥಿತಿ, ಇಷ್ಟು ಬರೆದು ಹೋಗಿ. ಕನ್ನಡದಲ್ಲಿ ಬರೆಯೋಕೆ ಬರದವರು ಮರಾಠಿಯಲ್ಲೇ ಬರೀರಿ, ನಾಚಿಕೆ ಬೇಡ.

ಪ್ರಶ್ನೆ ಇದ್ದರೆ ಈಗಲೇ ಕೇಳ್ರಿ. ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹಿಡಿಯಬೇಕು, ನಾಳೆ ಬೆಳಿಗ್ಗೆ ಕೌಂ‌ಟರ್ ತೆಗೆಯೋದು ನಾವೇ.